ಸಭೆಯ ಯೂತ್ ಗ್ರೂಪ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಒಂದು ಸಣ್ಣ ಪಟ್ಟಣದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಮನೆಗಳ ಬಳಗ. ಎಂಬತ್ತು ಚಿಲ್ಲರೆ ಮನೆ. ಹದಿನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿಯವರು "ನೀನು ಟೀಚರ್ ಅಲ್ವಾ, ಹುಡುಗರನ್ನ ಸ್ವಲ್ಪ ನೋಡ್ಕೋ" ಅಂದರು. ಅಷ್ಟೇ ನನ್ನ ನೇಮಕಾತಿ. ಆಗಿನ ಹುಡುಗರು ನನ್ನನ್ನು ಅಕ್ಕ ಅನ್ನುತ್ತಿದ್ದರು, ಈಗಿನವರು ಆಂಟಿ ಅನ್ನುತ್ತಾರೆ. ಅಕ್ಕಪಕ್ಕದ ಸಭೆಗಳಿಂದ, ಆಗಾಗ ಕ್ಯಾಥೊಲಿಕ್ ಚರ್ಚಿನ ಗೆಳತಿಯರಿಂದಲೂ ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಬರೆದಿಟ್ಟೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇದೆ ಅಂತಲ್ಲ. ಮಾಡಿದ ತಪ್ಪುಗಳಂತೂ ಬೇಕಾದಷ್ಟಿವೆ.

ಶುರು ಮಾಡೋಕೆ ಕಡಿಮೆ ಅಂದರೆ ಎಷ್ಟು ಜನ ಬೇಕು?

ಮೂರು ಜನ ಇದ್ದರೂ ಸಾಕು. ನಾವು ಐದು ಜನರಿಂದ ಶುರು ಮಾಡಿದೆವು. ಅದರಲ್ಲಿ ಇಬ್ಬರು ಅಣ್ಣ-ತಂಗಿ. ಇನ್ನೊಬ್ಬ ಅಮ್ಮ ಬೈದು ಕಳಿಸಿದ್ದಕ್ಕೆ ಬಂದವನು. 1844ರಲ್ಲಿ ಲಂಡನ್ನಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಅನ್ನುವ 22 ವರ್ಷದ ಹುಡುಗ ಹತ್ತು-ಹನ್ನೆರಡು ಗೆಳೆಯರನ್ನು ಕೂರಿಸಿಕೊಂಡು ಪ್ರಾರ್ಥನೆ, ಬೈಬಲ್ ಓದು ಶುರು ಮಾಡಿದ. ಅದೇ ಇವತ್ತಿನ ವೈಎಂಸಿಎ, ಕ್ರೈಸ್ತ ಯುವಕರ ಸಂಘ.

ಹನ್ನೆರಡು ಜನರಲ್ಲಿ ಒಬ್ಬ ಬರದಿದ್ದರೆ ಆ ಖಾಲಿ ಕುರ್ಚಿ ಕಣ್ಣಿಗೆ ಬೀಳುತ್ತದೆ. ಐವತ್ತು ಜನರಲ್ಲಿ ಬೀಳಲ್ಲ. ನನಗೆ ಹನ್ನೆರಡೇ ಇಷ್ಟ. ವರದಿಯಲ್ಲಿ ಐವತ್ತು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ ಅನ್ನೋದು ಬೇರೆ ಮಾತು.

ಯಾವ ವಯಸ್ಸಿನವರನ್ನು ಸೇರಿಸಬೇಕು?

"ಕನ್ಫರ್ಮೇಶನ್ ಆದಲ್ಲಿಂದ ಮದುವೆ ಆಗುವ ತನಕ" ಅನ್ನೋದು ನಮ್ಮ ಸಭೆಗಳ ಬರೆಯದ ನಿಯಮ. ಕನ್ಫರ್ಮೇಶನ್ ಅಂದರೆ ಹದಿಹರೆಯದಲ್ಲಿ ತನ್ನ ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿ. ಇದರಿಂದ ಹದಿನಾಲ್ಕರ ಹುಡುಗಿ, ಇಪ್ಪತ್ತೇಳರ ಬ್ಯಾಂಕ್ ಉದ್ಯೋಗಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಬ್ಬರೂ ಬಾಯಿ ಬಿಡಲ್ಲ. 13ರಿಂದ 17ರವರನ್ನು ಒಂದು ಕಡೆ, 18 ದಾಟಿದವರನ್ನು ಇನ್ನೊಂದು ಕಡೆ ಕೂರಿಸಿ. ಜನ ಕಡಿಮೆ ಇದ್ದರೆ ಹಾಡು, ತಿಂಡಿ ಒಟ್ಟಿಗೆ ಇರಲಿ, ಮಾತು ಮಾತ್ರ ಬೇರೆ ಬೇರೆ. ಮುಂದೆ ಸುರಕ್ಷೆಯ ವಿಷಯ ಬರುತ್ತದೆ, ಆ ಕಾರಣಕ್ಕೂ ಈ ಗೆರೆ ಬೇಕು.

ಯಾವಾಗ ಸೇರೋದು ಒಳ್ಳೆಯದು?

ಶನಿವಾರ ಸಂಜೆ ಅಂತ ಇಟ್ಟರೆ ಟ್ಯೂಷನ್ನು. ಭಾನುವಾರ ಸಂಜೆ ಇಟ್ಟರೆ ಕ್ರಿಕೆಟ್ಟು, ಮಳೆ, ಸಂಬಂಧಿಕರ ಮನೆ. ನಮಗೆ ಹೊಂದಿಕೊಂಡದ್ದು ಭಾನುವಾರ ಆರಾಧನೆ ಮುಗಿದು ಹದಿನೈದು ನಿಮಿಷಕ್ಕೆ. ಹೇಗೂ ಎಲ್ಲರೂ ಅಲ್ಲೇ ಇರುತ್ತಾರೆ. ಒಂದೂಕಾಲು ಗಂಟೆ ಮೀರಬೇಡಿ. ಮನೆಯಲ್ಲಿ ಕೋಳಿ ಸಾರು ಕಾಯುತ್ತಿರುತ್ತದೆ. ಅದರ ಜೊತೆ ಪೈಪೋಟಿಗೆ ಇಳಿದು ಗೆದ್ದವರನ್ನು ನಾನು ನೋಡಿಲ್ಲ.

ಒಂದು ವಾರದ ಕಾರ್ಯಕ್ರಮ ಹೇಗಿರಬೇಕು?

ಮೊದಲು ತಿಂಡಿ. ಕೊನೆಗಲ್ಲ, ಮೊದಲು. ಮಂಡಕ್ಕಿ, ಚಹಾ ಸಾಕು. ಈರುಳ್ಳಿ ಹೆಚ್ಚುವ ಕೆಲಸ ಹೊಸಬನಿಗೆ ಕೊಡಿ. ಕೈಯಲ್ಲಿ ಕೆಲಸ ಇದ್ದವನಿಗೆ ಮುಜುಗರ ಕಡಿಮೆ. ಆಮೇಲೆ ಎರಡು ಹಾಡು, ಒಂದು ಓದು, ಮಾತುಕತೆ, ಪುಟ್ಟ ಪ್ರಾರ್ಥನೆ.

ಮಾತುಕತೆಗೆ ನಾನು ಜಾಸ್ತಿ ಬಳಸುವುದು ಕ್ಯಾಥೊಲಿಕ್ ಗೆಳತಿಯಿಂದ ಕಲಿತ ಕ್ರಮ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕಾರ್ಖಾನೆಯಲ್ಲಿ ದುಡಿಯುವ ಹುಡುಗ-ಹುಡುಗಿಯರಿಗಾಗಿ 1925ರಲ್ಲಿ ಒಂದು ಸಂಘ ಕಟ್ಟಿದರು. ಅವರ ಪಾಠ ಮೂರೇ ಮಾತು: ನೋಡು, ತೂಗಿ ನೋಡು, ಮಾಡು. ನಮ್ಮಲ್ಲಿ ವೈಸಿಎಸ್ (ಕ್ಯಾಥೊಲಿಕ್ ವಿದ್ಯಾರ್ಥಿಗಳ ಸಂಘ) ಗುಂಪುಗಳಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಪಿಯುಸಿ ಫಲಿತಾಂಶ ಬಂದ ವಾರ. ನಾನು ತಯಾರಿ ಮಾಡಿದ್ದು ಬೇರೆ ಏನೋ, ಅದನ್ನು ಚೀಲದಲ್ಲೇ ಬಿಟ್ಟೆ. "ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಏನಾಯ್ತು ಹೇಳಿ" ಅಂದೆ. ಒಬ್ಬಳ ಅಪ್ಪ ಶೇಕಡಾ 91 ಬಂದರೂ ಮಾತು ಬಿಟ್ಟಿದ್ದರು. ನಮ್ಮ ಗುಂಪಿನ ಇಬ್ಬರು ಫೇಲಾಗಿದ್ದರು, ಅವತ್ತು ಬಂದೇ ಇರಲಿಲ್ಲ. ಇದು ನೋಡುವುದು. ಆಮೇಲೆ ಬೈಬಲಿನ 13ನೇ ಕೀರ್ತನೆ ಓದಿದೆವು. "ಎಷ್ಟರವರೆಗೆ" ಅಂತ ದೇವರನ್ನು ಮತ್ತೆ ಮತ್ತೆ ಕೇಳುವ ಕೀರ್ತನೆ ಅದು. ಫೇಲಾದವರಿಗೆ ದೇವರು ಏನು ಹೇಳಬಹುದು, ಆ ಅಪ್ಪನಿಗೆ ಏನು ಹೇಳಬಹುದು ಅಂತ ಚರ್ಚೆ. ಇದು ತೂಗಿ ನೋಡುವುದು. ಕೊನೆಗೆ ಹುಡುಗರೇ ತೀರ್ಮಾನ ಮಾಡಿದರು: ಇಬ್ಬರ ಮನೆಗೂ ಹೋಗೋಣ, ಬುದ್ಧಿ ಹೇಳೋದು ಬೇಡ, ಪರೀಕ್ಷೆ-2ಕ್ಕೆ ಅರ್ಜಿ ಹಾಕೋಕೆ ಸಹಾಯ ಮಾಡೋಣ. ಲೆಕ್ಕದಲ್ಲಿ ಚುರುಕಾದವಳೊಬ್ಬಳು ಮೂರು ವಾರ ಪಾಠ ಹೇಳಿಕೊಟ್ಟಳು. ಇಬ್ಬರಲ್ಲಿ ಒಬ್ಬ ಪಾಸಾದ. ಇನ್ನೊಬ್ಬ ಆಗಲಿಲ್ಲ, ಆದರೆ ಭಾನುವಾರ ಬರುವುದನ್ನು ಬಿಡಲಿಲ್ಲ.

ಬೈಬಲ್ ಸ್ಟಡಿಗೆ ಕೂರಿಸಿದರೆ ಎಲ್ಲರೂ ಮೂಕರಾಗುತ್ತಾರೆ. ಏನು ಮಾಡೋದು?

ತಪ್ಪು ಹುಡುಗರದ್ದಲ್ಲ, ನಾವು ಕೇಳುವ ಪ್ರಶ್ನೆಯದ್ದು. "ಈ ವಾಕ್ಯದಿಂದ ನಾವು ಕಲಿಯುವ ಪಾಠವೇನು?" ಅಂದರೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಉತ್ತರ ಬರುತ್ತದೆ. "ದೇವರನ್ನು ನಂಬಬೇಕು ಆಂಟಿ." ಮುಗೀತು.

ನಾನು ಮಾಡುವುದು ಇಷ್ಟು. ಭಾಗವನ್ನು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಒಂದೊಂದು ಹಾಳೆ, ಒಂದು ಪೆನ್ಸಿಲ್ ಕೊಡುತ್ತೇನೆ. ಹಿಡಿಸಿದ ಸಾಲಿಗೆ ಸರಿ ಗುರುತು. ಅರ್ಥವಾಗದ್ದಕ್ಕೆ ಪ್ರಶ್ನೆ ಚಿಹ್ನೆ. ಸಿಟ್ಟು ಬರಿಸಿದ್ದಕ್ಕೆ ಗುಣಿಸು ಗುರುತು. ಹತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಗುಣಿಸು ಗುರುತಿನಿಂದ ಶುರು. ಬೈಬಲ್ ಮೇಲೆ ಸಿಟ್ಟು ಮಾಡಿಕೊಳ್ಳಬಹುದು ಅನ್ನುವುದೇ ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ.

ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯ ಇದೆಯಲ್ಲ, ಆಸ್ತಿ ಹಾಳು ಮಾಡಿ ವಾಪಸ್ ಬಂದ ಕಿರಿಯ ಮಗನಿಗೆ ಅಪ್ಪ ಔತಣ ಮಾಡಿದ, ಮನೆಯಲ್ಲೇ ದುಡಿದ ಹಿರಿಯವನು ಸಿಟ್ಟಾದ ಅನ್ನುವ ಕಥೆ. ಅದನ್ನು ಹೀಗೆ ಓದಿದಾಗ ಒಬ್ಬಳು ಹಿರಿಯ ಮಗನ ಸಾಲುಗಳ ತುಂಬಾ ಗುಣಿಸು ಹಾಕಿದ್ದಳು. "ಅವನು ಹೇಳೋದು ಸರಿಯಾಗೇ ಇದೆಯಲ್ಲ. ಮನೆ ಕೆಲಸ ಎಲ್ಲ ನಾನು ಮಾಡ್ತೀನಿ, ಹಬ್ಬಕ್ಕೆ ಮಂಗಳೂರಿಂದ ಬರೋ ತಮ್ಮನಿಗೆ ಹೊಸ ಶರ್ಟು" ಅಂದಳು. ಆ ಭಾನುವಾರ ಯಾರೂ ಮೂಕರಾಗಲಿಲ್ಲ.

ಎಲ್ಲಿಂದ ಶುರು ಮಾಡೋದು ಅಂದರೆ, ಮಾರ್ಕನ ಸುವಾರ್ತೆ. 16 ಅಧ್ಯಾಯ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಕಥೆ ಓಡುತ್ತದೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯನ್ನು ಹುಡುಗರು ಕೇಳುತ್ತಾರೆ, ಮೃಗ, 666 ಅಂತೆಲ್ಲ ಕುತೂಹಲ. ಎರಡು ವರ್ಷ ತಡೆಯಿರಿ.

ಒಬ್ಬ ಹುಡುಗ "ದೇವರು ಇದ್ದಾನಾ ಅಂತಲೇ ನನಗೆ ಗೊತ್ತಿಲ್ಲ" ಅಂದ. ಏನು ಹೇಳಲಿ?

ಅವತ್ತೇ ಏನೂ ಹೇಳಬೇಡಿ. ಇದನ್ನು ನಾನು ಕಲಿತದ್ದು ಒಬ್ಬನನ್ನು ನೋಯಿಸಿ.

ಆಗ ಅವನಿಗೆ ಹದಿನಾರು. ಅವನ ಅಜ್ಜಿ ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡಿತು. ಅಜ್ಜಿ ಹೋಗಿಬಿಟ್ಟರು. ಎರಡು ವಾರ ಬಿಟ್ಟು ಅವನು ಎಲ್ಲರ ಮುಂದೆ ಕೇಳಿದ: "ಎದುರು ಮನೆ ಅಜ್ಜಿಗೂ ಅದೇ ಕಾಯಿಲೆ. ಅವರಿಗೆ ಯಾರೂ ಉಪವಾಸ ಮಾಡಲಿಲ್ಲ. ಅವರು ಗುಣ ಆಗಿ ಮನೆಗೆ ಬಂದ್ರು. ಯಾಕೆ ಆಂಟಿ?" ನಾನು ತಡಮಾಡದೆ "ಅದು ದೇವರ ಚಿತ್ತ" ಅಂದೆ. ಅವನು "ಓ" ಅಂದ. ಆಮೇಲೆ ನಾಲ್ಕು ತಿಂಗಳು ಈ ಕಡೆ ಬರಲಿಲ್ಲ.

ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋಕೆ ಬಂದ. ನಮ್ಮಲ್ಲಿ ಎರಡು ವಾರ ಮೊದಲೇ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತೇವೆ. ಹಬ್ಬದ ಹೊತ್ತಿಗೆ ಹಸಿರು ಹುಲ್ಲಾಗಿರುತ್ತದೆ. ಅವನು ಕಂದು ಕಾಗದವನ್ನು ಮುದುರಿ, ಮೈದಾ ಅಂಟು ಬಳಿದು ಬೆಟ್ಟ ಮಾಡುತ್ತಿದ್ದ. ತಲೆ ಎತ್ತದೆ ಅದೇ ಪ್ರಶ್ನೆ ಮತ್ತೆ ಕೇಳಿದ. ಈ ಸಲ ನಾನು ಇದ್ದದ್ದನ್ನೇ ಹೇಳಿದೆ. "ಗೊತ್ತಿಲ್ಲ ಕಣೋ. ನನ್ನ ಅಪ್ಪ ಹೋದಾಗಲೂ ಗೊತ್ತಾಗಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ನೀವು ಯಾಕೆ ಬರ್ತೀರಿ?" ಅಂದ.

ಅವನ ನಿಜವಾದ ಪ್ರಶ್ನೆ ಅದು. ನಾನು ಹೇಳಿದೆ: ಅಪ್ಪ ತೀರಿಕೊಂಡ ವಾರ ಸಭೆಯ ನಾಲ್ಕು ಜನ ಹೆಂಗಸರು ಬಂದು, ಒಂದು ಮಾತೂ ಆಡದೆ, ಅಡುಗೆಮನೆಗೆ ಹೋಗಿ ಅನ್ನ ಸಾರು ಮಾಡಿಟ್ಟು, ಪಾತ್ರೆ ತೊಳೆದಿಟ್ಟು ಹೋದರು. ದೇವರು ಅಂದಾಗ ನನಗೆ ಮೊದಲು ನೆನಪಾಗುವುದು ಆ ಸಾರಿನ ಪಾತ್ರೆ. ಅವನು ಏನೂ ಹೇಳಲಿಲ್ಲ. "ಅಂಟು ಖಾಲಿ ಆಯ್ತು" ಅಂದ. ಇವತ್ತಿಗೂ ಅವನು ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಎದ್ದು ಬರಲ್ಲ. ಆದರೆ ಮೈಕು, ಸ್ಪೀಕರು ಎಲ್ಲ ಅವನದೇ ಉಸ್ತುವಾರಿ.

ಹಾಗಾಗಿ ಸಂಶಯ ಹೇಳಿಕೊಂಡವನಿಗೆ ಮೊದಲು "ಈ ಪ್ರಶ್ನೆ ನಿನಗೆ ಯಾವಾಗಿನಿಂದ ಇದೆ?" ಅಂತ ಕೇಳಿ. ಹತ್ತರಲ್ಲಿ ಏಳು ಸಲ ಪ್ರಶ್ನೆಯ ಹಿಂದೆ ಒಂದು ಸಾವೋ, ಜಗಳವೋ, ಅವಮಾನವೋ ಇರುತ್ತದೆ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯೇಸುವಿನ ಸಾವಿನಿಂದ ಕುಗ್ಗಿ ಎಮ್ಮಾಹು ಅನ್ನುವ ಊರಿನ ದಾರಿ ಹಿಡಿದ ಇಬ್ಬರು ಶಿಷ್ಯರಿಗೆ ಯೇಸು ಎದುರಾದಾಗ ಮೊದಲು ಬೋಧನೆ ಮಾಡುವುದಿಲ್ಲ, ಏನು ಮಾತಾಡಿಕೊಳ್ಳುತ್ತಿದ್ದೀರಿ ಅಂತ ಕೇಳುತ್ತಾನೆ. ಸುಮಾರು ಹನ್ನೊಂದು ಕಿಲೋಮೀಟರ್ ದಾರಿ ಅದು. ಹನ್ನೆರಡು ವರ್ಷದ ಯೇಸುವೂ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ಯೇಸು ಮತ್ತೆ ಎದ್ದು ಬಂದಿದ್ದಾನೆ ಅಂತ ನಂಬೋಕೆ ಶಿಷ್ಯ ತೋಮನಿಗೆ ಎಂಟು ದಿನ ಬೇಕಾಯಿತು. ಆ ಎಂಟು ದಿನ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಇವನ್ನು ಹುಡುಗರ ಜೊತೆ ಓದಿ.

ಇನ್ನೊಂದು ಮಾತು. ಹುಡುಗ ನಿಮ್ಮ ಹತ್ತಿರ ಹೇಳಿಕೊಂಡ ಸಂಶಯವನ್ನು ಅವನ ಅಮ್ಮನಿಗಾಗಲಿ ಅಯ್ಯನವರಿಗಾಗಲಿ (ಸಭೆಯ ಪಾದ್ರಿ) ಮುಟ್ಟಿಸಬೇಡಿ. "ಅವನಿಗೋಸ್ಕರ ಪ್ರಾರ್ಥನೆ ಮಾಡಿ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವುದೂ ಚಾಡಿಯೇ.

ವಿಜ್ಞಾನ ಓದುವ ಮಕ್ಕಳು ವಿಕಾಸವಾದ, ಬಿಗ್ ಬ್ಯಾಂಗ್ ಅಂತ ಕೇಳುತ್ತಾರೆ. ನನಗೆ ವಿಜ್ಞಾನ ಗೊತ್ತಿಲ್ಲ.

ಗೊತ್ತಿಲ್ಲ ಅಂತಲೇ ಹೇಳಿ. ಗೊತ್ತಿಲ್ಲದೆ ವಾದಕ್ಕಿಳಿದರೆ ಪಿಯುಸಿ ಹುಡುಗಿ ನಿಮ್ಮನ್ನು ಐದು ನಿಮಿಷದಲ್ಲಿ ಸೋಲಿಸುತ್ತಾಳೆ. ಅವಳು ಸೋಲಿಸಿದ್ದು ನಂಬಿಕೆಯನ್ನೇ ಅಂತ ಮನೆಗೆ ಹೋಗುತ್ತಾಳೆ.

ಎರಡು ಹೆಸರು ನೆನಪಿಟ್ಟುಕೊಳ್ಳಿ. ಅವರ ಜೀವಶಾಸ್ತ್ರದ ಪುಸ್ತಕದಲ್ಲಿ ಬಟಾಣಿ ಗಿಡ ಬೆಳೆಸುವ ಮೆಂಡೆಲ್ ಇದ್ದಾನಲ್ಲ, ಅವನು ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಕ್ರೈಸ್ತ ಮಠವೊಂದರ ಸನ್ಯಾಸಿ. 1866ರಲ್ಲಿ ಅವನ ಪ್ರಬಂಧ ಅಚ್ಚಾಯಿತು. ಬಿಗ್ ಬ್ಯಾಂಗ್ ಕಲ್ಪನೆಗೆ ದಾರಿ ಮಾಡಿದವರಲ್ಲಿ ಮುಖ್ಯರಾದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅನ್ನುವ ಪ್ರಬಂಧವನ್ನು 1927ರಲ್ಲೇ ಬರೆದರು. ಇದರಿಂದ ದೇವರು ಇದ್ದಾನೆ ಅಂತ ಸಾಬೀತಾಗಲ್ಲ, ಹಾಗೆ ಬಳಸಲೂಬೇಡಿ. ಲ್ಯಾಬು, ಚರ್ಚು ಎರಡರಲ್ಲಿ ಒಂದನ್ನೇ ಆರಿಸಿಕೋ ಅಂತ ಯಾರೋ ಮಕ್ಕಳಿಗೆ ಹೇಳಿಟ್ಟಿರುತ್ತಾರೆ. ಆ ಗಂಟು ಸ್ವಲ್ಪ ಸಡಿಲವಾದರೆ ಸಾಕು. ಲೋಕದ ಸೃಷ್ಟಿಯ ಕಥೆ ಇರುವ ಆದಿಕಾಂಡದ ಒಂದನೇ ಅಧ್ಯಾಯ ಹೇಗೆ ಓದಬೇಕು ಅನ್ನುವುದರಲ್ಲಿ ಕ್ರೈಸ್ತರಲ್ಲೇ ಹಲವು ಅಭಿಪ್ರಾಯಗಳಿವೆ ಅನ್ನುವುದನ್ನೂ ಮುಚ್ಚಿಡಬೇಡಿ.

ಕ್ಯಾಂಪಿನ ಕೊನೆ ರಾತ್ರಿ ಎಲ್ಲರೂ ಅತ್ತು ತೀರ್ಮಾನ ಮಾಡಿದರು. ವಾರದಲ್ಲೇ ಹಳೇ ಕಥೆ. ಯಾಕೆ?

ಮೂರು ದಿನ ನಿದ್ದೆ ಇಲ್ಲ, ಬೆಂಕಿ ಸುತ್ತ ಕೂತಿದ್ದಾರೆ, ಗಿಟಾರ್ ಮೆಲ್ಲಗೆ ನುಡಿಯುತ್ತಿದೆ, ಪಕ್ಕದ ಗೆಳತಿ ಅಳುತ್ತಿದ್ದಾಳೆ. ಆಗ ಯಾರಿಗೆ ಅಳು ಬರಲ್ಲ ಹೇಳಿ? ಆ ಕಣ್ಣೀರು ಸುಳ್ಳಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿದು "ಇಷ್ಟು ಜನ ಕ್ರಿಸ್ತನಿಗೆ ಒಪ್ಪಿಸಿಕೊಂಡರು" ಅಂತ ವರದಿ ಬರೆಯುವುದು ನನಗೆ ಹಿಡಿಸಲ್ಲ. ರಾತ್ರಿ ಹೊತ್ತು ಮುಂದೆ ಕರೆದು ನಿಲ್ಲಿಸುವುದನ್ನು ನಾನು ಬಿಟ್ಟು ಎಂಟು ವರ್ಷ ಆಯಿತು. ಬದಲಿಗೆ ಬೆಳಗ್ಗೆ ತಿಂಡಿ ಆದ ಮೇಲೆ ಒಂದೊಂದು ಇನ್‌ಲ್ಯಾಂಡ್ ಲೆಟರ್ ಕೊಡುತ್ತೇನೆ. ತಮಗೆ ತಾವೇ ಬರೆದು ಅಂಟಿಸಿ ಕೊಡಬೇಕು. ಎರಡು ತಿಂಗಳು ಬಿಟ್ಟು ನಾನು ಪೋಸ್ಟ್ ಮಾಡುತ್ತೇನೆ. ಕೆಲವರು ಓದಿ ನಗುತ್ತಾರೆ. ಕೆಲವರು ಅವತ್ತು ಸಂಜೆ ಫೋನ್ ಮಾಡುತ್ತಾರೆ.

ಖರ್ಚಿನ ವಿಷಯ: ಹೋಟೆಲ್, ರೆಸಾರ್ಟ್ ಬೇಡ. ಬೇರೆ ಊರಿನ ಸಭೆಯ ಹಾಲ್, ಚಾಪೆ, ಅಲ್ಲಿನ ಮಹಿಳಾ ಸಂಘದವರ ಅಡುಗೆ. ದುಡ್ಡಿಲ್ಲ ಅಂತ ಯಾರನ್ನೂ ಬಿಟ್ಟು ಹೋಗಬೇಡಿ. ಯಾರು ಕಟ್ಟಿಲ್ಲ ಅನ್ನುವುದು ನಿಮಗೆ, ಖಜಾಂಚಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗದಿರಲಿ.

ಮಕ್ಕಳ ಸುರಕ್ಷೆಗೆ ಏನೇನು ನಿಯಮ ಇರಬೇಕು?

ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. 18 ತುಂಬದ ಒಬ್ಬರ ಜೊತೆ ದೊಡ್ಡವರೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ, ಅದು ಪ್ರಾರ್ಥನೆಗೇ ಆಗಲಿ. ಅಯ್ಯನವರಿಗೂ ಇದೇ ನಿಯಮ, ನನಗೂ ಇದೇ. ಒಬ್ಬರೇ ಮಾತಾಡಬೇಕು ಅಂದರೆ ಚರ್ಚಿನ ಮೆಟ್ಟಿಲಿದೆ. ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳಿಸಲ್ಲ. ಕ್ಯಾಂಪಿನಲ್ಲಿ ಹುಡುಗಿಯರ ಕಡೆ ಇಬ್ಬರು ಹೆಂಗಸರು ಇರಲೇಬೇಕು. ರಾತ್ರಿ ಒಂಬತ್ತರ ಮೇಲೆ ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಮಾಡುವಂತಿಲ್ಲ. ಫೋಟೋ ಹಾಕುವ ಮುಂಚೆ ತಂದೆ-ತಾಯಿಯ ಒಪ್ಪಿಗೆ.

ಮಗುವೊಂದು "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂತ ಶುರು ಮಾಡಿದರೆ ಮಾತು ಕೊಡಬೇಡಿ. "ನಿನಗೆ ಅಪಾಯ ಇದೆ ಅನ್ನಿಸಿದರೆ ಹೇಳಬೇಕಾಗುತ್ತೆ, ಆದರೆ ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ" ಅನ್ನಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು. "ಸಭೆಯ ಮರ್ಯಾದೆ, ನಾವೇ ಕೂತು ಬಗೆಹರಿಸೋಣ" ಅನ್ನುವ ಹಿರಿಯರು ಇರುತ್ತಾರೆ. ಅದು ಕಮಿಟಿ ಬಗೆಹರಿಸುವ ವಿಷಯ ಅಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದವರಿಗೆ, ಸಾಯುವ ಮಾತಾಡುವವರಿಗೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರನ್ನು ನಮ್ಮ ಹಾಲಿನ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದೇವೆ. ಪ್ರಾರ್ಥನೆ ಮಾಡಿ, ಜೊತೆಗೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ.

ಕನ್ನಡವಾ, ಇಂಗ್ಲಿಷಾ?

ಮಾತು ಕನ್ನಡ, ಓದು ಇಂಗ್ಲಿಷ್, ಮೆಸೇಜು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಇದು ಈಗಿನ ಮಕ್ಕಳ ಸ್ಥಿತಿ. ಹಳೆಯ ಸತ್ಯವೇದ (ಕನ್ನಡ ಬೈಬಲ್) ಕೈಗೆ ಕೊಟ್ಟು ಗಟ್ಟಿಯಾಗಿ ಓದು ಅಂದರೆ "ನಿರ್ಣಯಿಸಲ್ಪಟ್ಟವನಾಗಿ" ಅನ್ನುವಲ್ಲಿ ಬಂಡಿ ನಿಲ್ಲುತ್ತದೆ. ನಾಲ್ಕು ಜನ ನಕ್ಕರೆ ಆ ಮಗು ಇನ್ನೆಂದೂ ಓದಲ್ಲ. ಸುಲಭ ಕನ್ನಡದ ಅನುವಾದಗಳಿವೆ, ಅವನ್ನು ತನ್ನಿ. ಸುತ್ತಲೂ ಒಬ್ಬೊಬ್ಬರಾಗಿ ಓದಿಸುವುದನ್ನು ನಿಲ್ಲಿಸಿ, ಇಷ್ಟ ಇದ್ದವರು ಓದಲಿ.

ಹಾಗಂತ ಕನ್ನಡ ಬಿಡಬೇಡಿ. ಅಜ್ಜಿ ಪ್ರಾರ್ಥನೆ ಮಾಡುವ ಭಾಷೆ ಅದು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೂತು ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834. ಆ ಮಿಷನ್ನಿನವರಿಂದಲೇ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ, ಕಿಟೆಲ್ ನಿಘಂಟು 1894ರಲ್ಲಿ. "ನಮಗೂ ಕನ್ನಡಕ್ಕೂ ಏನು ಸಂಬಂಧ" ಅನ್ನುವ ಹುಡುಗರಿಗೆ ಇದನ್ನು ಒಮ್ಮೆ ಹೇಳಿ. ಕಣ್ಣರಳಿಸುತ್ತಾರೆ.

ಹಳೇ ಹಾಡಾ, ಹೊಸ ಹಾಡಾ?

ಎರಡೂ. ಹಳೇ ಸಂಗೀತ ಪುಸ್ತಕದ ಹಾಡನ್ನು ಗಿಟಾರ್, ಕಹೋನ್ (ಮೇಲೆ ಕೂತು ಬಾರಿಸುವ ಪೆಟ್ಟಿಗೆ) ಜೊತೆ ಹಾಡಿಸಿ ನೋಡಿ, ಹಿರಿಯರೂ ಹಿಂದಿನ ಬೆಂಚಿನಲ್ಲಿ ತಾಳ ಹಾಕುತ್ತಾರೆ. ಡ್ರಮ್ಸ್ ಬಗ್ಗೆ ನಾನು ಯಾವ ಸಭೆಯ ಜಗಳದಲ್ಲೂ ತಲೆ ಹಾಕಲ್ಲ.

ಬೇರೆ ಧರ್ಮದ ಗೆಳೆಯರನ್ನು ಕರೆದುಕೊಂಡು ಬರುತ್ತಾರೆ. ಬರಬಹುದಾ?

ಕ್ರಿಸ್ಮಸ್ ಹಾಡು ಹಾಡುತ್ತಾ ಮನೆ ಮನೆಗೆ ಹೋಗುವ ಕ್ಯಾರಲ್ಸಿಗೆ, ಕ್ರಿಕೆಟ್ಟಿಗೆ, ರಕ್ತದಾನ ಶಿಬಿರಕ್ಕೆ ಬರುತ್ತಾರೆ, ಬರಲಿ. ನಮ್ಮ ಮಕ್ಕಳೂ ಅವರ ಮನೆಯ ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು ಬರುತ್ತಾರಲ್ಲ. ಆದರೆ 18 ತುಂಬದವರು ಬೈಬಲ್ ಓದಿಗೆ ಕೂರಬೇಕಾದರೆ ಅವರ ತಂದೆ-ತಾಯಿಗೆ ಗೊತ್ತಿರಬೇಕು, ಒಪ್ಪಿಗೆ ಬರವಣಿಗೆಯಲ್ಲಿರಬೇಕು. ಕದ್ದುಮುಚ್ಚಿ ಬರುವವರನ್ನು ನಾನೇ ವಾಪಸ್ ಕಳಿಸಿದ್ದೇನೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ಕಾನೂನಿನ ಮಾತು ಏನೇ ಇರಲಿ, ಇನ್ನೊಬ್ಬರ ಮಗುವನ್ನು ಅಪ್ಪ-ಅಮ್ಮನ ಬೆನ್ನ ಹಿಂದೆ ಎಳೆದುಕೊಳ್ಳುವುದು ಮರ್ಯಾದೆಯಲ್ಲ. ಯಾರಾದರೂ ಗಲಾಟೆಗೆ ಬಂದರೆ ಹುಡುಗರನ್ನು ಮುಂದೆ ಬಿಡಬೇಡಿ. ದೊಡ್ಡವರು ಮಾತಾಡಿ, ಬಾಗಿಲು ತೆರೆದಿಡಿ.

ಗುಂಪಿನಲ್ಲೇ ಲವ್ ಶುರುವಾಗಿದೆ. ಏನು ಮಾಡಲಿ?

ಯೂತ್ ಗ್ರೂಪ್ ಅಂದ ಮೇಲೆ ಆಗುತ್ತದೆ. ಎಲ್ಲರ ಮುಂದೆ ಪ್ರಸಂಗ (ಚರ್ಚಿನ ಬೋಧನೆ) ಮಾಡಬೇಡಿ. ಹುಡುಗಿಯನ್ನು ಮಾತ್ರ ಕರೆದು ಬುದ್ಧಿ ಹೇಳುವ ಅಭ್ಯಾಸವನ್ನಂತೂ ಬಿಡಿ. ಪ್ರೀತಿ, ದೇಹ, ಮದುವೆಯ ಬಗ್ಗೆ ವರ್ಷಕ್ಕೆ ಎರಡು ಸಲವಾದರೂ ಬಾಯಿ ಬಿಟ್ಟು ಮಾತಾಡಿ. ಇಲ್ಲದಿದ್ದರೆ ಅವರಿಗೆ ಕಲಿಸೋಕೆ ಮೊಬೈಲ್ ಇದ್ದೇ ಇದೆ. ಜಾತಿಯ ಮಾತೂ ಬರಲಿ. "ನಮ್ಮಲ್ಲಿ ಜಾತಿ ಇಲ್ಲ" ಅಂತ ಪ್ರಸಂಗದಲ್ಲಿ ಹೇಳುವ ಮನೆಗಳಲ್ಲೇ ಸಂಬಂಧ ನೋಡುವಾಗ "ಅವರು ಮೊದಲು ಯಾವ ಪೈಕಿ?" ಅಂತ ಕೇಳುವುದನ್ನು ಮಕ್ಕಳು ಕೇಳಿಸಿಕೊಂಡಿರುತ್ತಾರೆ. ಈ ಎರಡು ನಾಲಿಗೆ ಮಕ್ಕಳ ನಂಬಿಕೆಗೆ ಮಾಡುವಷ್ಟು ಹಾನಿಯನ್ನು ಯಾವ ವಿಕಾಸವಾದವೂ ಮಾಡಲ್ಲ.

ಹಿರಿಯರು ಗೊಣಗುತ್ತಾರೆ. ಕಮಿಟಿ ದುಡ್ಡು ಕೊಡಲ್ಲ.

ಗೊಣಗುವವರನ್ನೇ ಒಂದು ಭಾನುವಾರ ಕರೆಯಿರಿ. "ನೀವು ಹದಿನೆಂಟರಲ್ಲಿ ಇದ್ದಾಗ ಏನು ಮಾಡ್ತಿದ್ರಿ?" ಅಂತ ಹುಡುಗರೇ ಕೇಳಲಿ. ನಮ್ಮ ಅತಿ ಕಟ್ಟುನಿಟ್ಟಿನ ಹಿರಿಯರೊಬ್ಬರು ತಾವು ಕ್ಯಾರಲ್ಸ್ ರಾತ್ರಿ ಯಾರದೋ ತೋಟದ ಎಳನೀರು ಕದ್ದ ಕಥೆ ಹೇಳಿದರು. ಅವತ್ತಿನಿಂದ ಗುಂಪಿನ ಪರ ವಕಾಲತ್ತು ಅವರದೇ. ದುಡ್ಡಿಗೆ ಸಭೆಯ ಸುಗ್ಗಿ ಹಬ್ಬದಲ್ಲಿ ಒಂದು ಅಂಗಡಿ ಹಾಕಿ. ಲೆಕ್ಕ ಮಾತ್ರ ಪ್ರತಿ ರೂಪಾಯಿಗೂ ಬರೆದಿಡಿ.

ಪಿಯುಸಿ ಆದ ಮೇಲೆ ಎಲ್ಲರೂ ಬೆಂಗಳೂರಿಗೆ ಹೋಗುತ್ತಾರೆ. ಗುಂಪು ಪ್ರತಿ ವರ್ಷ ಖಾಲಿ.

ಇದು ಸಣ್ಣ ಊರಿನ ಹಣೆಬರಹ. ನಾವು ಬೆಳೆಸುವುದು ಬೇರೆಯವರ ಸಭೆಗೆ ಅಂತಲೇ ತಿಳಿದುಕೊಳ್ಳಿ. ಹೋಗುವ ಮುಂಚೆ ಆ ಊರಿನ ಒಂದು ಸಭೆಯ ಹೆಸರು, ಅಲ್ಲಿ ಗೊತ್ತಿರುವ ಒಬ್ಬರ ನಂಬರ್ ಕೊಟ್ಟು ಕಳಿಸಿ. ಬೆಂಗಳೂರಿನಲ್ಲಿ ಕನ್ನಡ ಆರಾಧನೆ ಬೇಕು ಅನ್ನುವವರಿಗೆ ಹಡ್ಸನ್ ಸ್ಮಾರಕ ಚರ್ಚ್ ಇದೆ, ಬಸ್ಸಿನಲ್ಲಿ ಹೋಗೋಕೂ ಸುಲಭ. ಮೊದಲ ಭಾನುವಾರ ಅಲ್ಲಿ ಒಬ್ಬರು ಹೆಸರು ಹಿಡಿದು ಮಾತಾಡಿಸಿದರೆ ಎರಡನೇ ಭಾನುವಾರ ಹೋಗುತ್ತಾರೆ. ಇಲ್ಲದಿದ್ದರೆ ಪಿಜಿಯಲ್ಲಿ ಮಲಗಿರುತ್ತಾರೆ, ನಾನಾದರೂ ಅದೇ ಮಾಡುತ್ತಿದ್ದೆ. ಹೋದ ತಿಂಗಳೊಳಗೆ ಒಂದು ಫೋನ್ ಮಾಡಿ. "ಚರ್ಚಿಗೆ ಹೋದ್ಯಾ?" ಅಂತ ಶುರು ಮಾಡಬೇಡಿ. "ಊಟ ಹೇಗಿದೆ?" ಅಂತ ಕೇಳಿ.

ನಾನು ಎಷ್ಟು ವರ್ಷ ನಡೆಸಬೇಕು?

ನನ್ನನ್ನು ಕೇಳಿದರೆ ಏಳೆಂಟು ವರ್ಷ ಸಾಕು. ಹದಿನಾಲ್ಕು ಜಾಸ್ತಿಯಾಯಿತು. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಅನ್ನುವ ಪಾಸ್ಟರ್ ಶುರು ಮಾಡಿದ ಕ್ರಿಶ್ಚಿಯನ್ ಎಂಡೆವರ್ ಸಂಘ ಲೋಕದ ತುಂಬಾ ಹಬ್ಬಿತು. ಅದರ ಗುಟ್ಟು ಅಂದರೆ ಪ್ರಾರ್ಥನೆ, ಸಮಿತಿ, ಲೆಕ್ಕ ಎಲ್ಲವನ್ನೂ ಹುಡುಗರ ಕೈಗೇ ಕೊಟ್ಟದ್ದು.

ಈ ಜೂನ್‌ನಿಂದ ನಮ್ಮ ಗುಂಪನ್ನು ಇಬ್ಬರು ನಡೆಸುತ್ತಿದ್ದಾರೆ. ಒಬ್ಬಳು ತಪ್ಪಿಹೋದ ಮಗನ ಮೇಲೆ ಸಿಟ್ಟು ಮಾಡಿಕೊಂಡವಳು, ಈಗ ನರ್ಸ್. ಇನ್ನೊಬ್ಬ ಕಾಲೇಜು ಹುಡುಗ. ಬೀರುವಿನ ಕೀಲಿ, ಹಾಜರಿ ಪುಸ್ತಕ, ಇನ್‌ಲ್ಯಾಂಡ್ ಲೆಟರಿನ ಕಟ್ಟು ಅವರಿಗೆ ಕೊಟ್ಟೆ. ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಬಾಯಿ ತೆರೆಯಲ್ಲ ಅಂತ ಮಾತು ಕೊಟ್ಟಿದ್ದೆ. ಎರಡನೇ ವಾರವೇ "ಚಹಾಕ್ಕೆ ಸಕ್ಕರೆ ಜಾಸ್ತಿ ಆಯ್ತು" ಅಂದುಬಿಟ್ಟೆ. "ಆಂಟಿ, ಬೆಂಚು" ಅಂದಳು ಅವಳು.